ವರ್ತಕನ ಧನವೂ ಕಲಾವಿದನ ಸ್ವಾತಂತ್ರ್ಯವೂ

ಮಮ್ಮಟಾಚಾರ್ಯನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಯಶಸ್ಸನ್ನು ಮೊದಲು ಹೇಳಿ ಅರ್ಥಪ್ರಾಪ್ತಿಯನ್ನು ಅದರ ಬೆನ್ನಿಗೇ ಇಟ್ಟಿದ್ದಾನೆ. ಇದು ಕವಿಗೆ ಸಲ್ಲುವ ಮಾತಾಯಿತು. ಕವಿಗೆ ಧನವಿತ್ತವನ ಪಾಲೇನೆಂಬುದನ್ನು ಆತನು ಅಲ್ಲಿ ವಿಚಾರಿಸಲಿಲ್ಲ. ಚಲಚ್ಚಿತ್ರವೆಂಬ ಬಹುವ್ಯಯಸಾಧ್ಯವಾದ ಕಲೆಯಲ್ಲಾದರೋ ಈ ಪ್ರಶ್ನೆಯನ್ನು ಬಿಟ್ಟು ವಿಮರ್ಶೆ ಸಾಗದು. ಕೇರಳದ ಕೊಲ್ಲಂ ಪಟ್ಟಣದಲ್ಲಿ ಗೋಡಂಬಿಯ ವರ್ತಕರಾಗಿದ್ದ ಕೆ. ರವೀಂದ್ರನಾಥನ್ ನಾಯರವರ (1933–2023) ಚಿತ್ರಗಳನ್ನು ಇಲ್ಲಿ ಪರಿಶೀಲಿಸಲು ತೊಡಗಿರುವುದು ಇದಕ್ಕಾಗಿಯೇ.

ಜನರಲ್ ಪಿಕ್ಚರ್ಸ್ ಎಂಬ ಸಂಸ್ಥೆಯ ಮೂಲಕ 1967ರಲ್ಲಿ ಇವರು ಹೊರತಂದ ಮೊದಲ ಚಿತ್ರ ‘ಅನ್ವೇಷಿಚ್ಚು ಕಂಡೆತ್ತಿಯಿಲ್ಲ’; ನಿರ್ದೇಶಕರು ಪಿ. ಭಾಸ್ಕರನ್. 1973ರ ‘ಅಚ್ಚಾಣಿ’ಯಿಂದ ಒಳ್ಳೆಯ ಲಾಭ ಬಂದಿತು. ಆ ಹಣವನ್ನು ಕೊಲ್ಲಂನ ಸಾರ್ವಜನಿಕ ಗ್ರಂಥಾಲಯಕ್ಕೆ ವಿನಿಯೋಗಿಸಿದರು. ಜನರು ಚಿತ್ರದ ಹೆಸರನ್ನೇ ಇಟ್ಟು ಇವರನ್ನು ಅಚ್ಚಾಣಿ ರವಿ ಎಂದು ಕರೆದರು. ನಮ್ಮ ಒಕ್ಕಲಮಕ್ಕಳು ಕಡಾಣಿಯೆನ್ನುವುದೇ ಮಲಯಾಳದ ಅಚ್ಚಾಣಿ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಬಡಿದ ಕೀಲು. ಹೆಸರಿಟ್ಟವರು ಅರಿತು ಇಟ್ಟರೋ ಅರಿಯದೆಯೋ, ಅದು ಅನ್ವರ್ಥವಾಗಿದೆ.

1977ರಿಂದ ಇವರ ಮಾರ್ಗವೇ ಬೇರೆಯಾಯಿತು. ಆ ವರ್ಷದ ‘ಕಾಂಚನಸೀತಾ’ ಸಿ. ಎನ್. ಶ್ರೀಕಂಠನ್ ನಾಯರರ ನಾಟಕವನ್ನು ಆಧರಿಸಿದ್ದು, ನಿರ್ದೇಶಕರು ಜಿ. ಅರವಿಂದನ್. ಇದರಲ್ಲಿ ಸೀತೆಗೆ ಮಾನುಷದೇಹವಿಲ್ಲ. ಗಾಳಿ ಬೀಸಿದಾಗ, ಹೊಳೆ ಹರಿದಾಗ, ಎಲೆ ಅಲುಗಿದಾಗ ಅವಳಿದ್ದಾಳೆಂದು ಪ್ರೇಕ್ಷಕನು ತಿಳಿಯಬೇಕು. ಶ್ರೀರಾಮನಾಗಿ ನಟಿಸಿದವನು ಆಂಧ್ರದೇಶದ ಅಡವಿಯ ಬುಡಕಟ್ಟಿನವನು, ಕಿರೀಟವಿಲ್ಲ, ಪೀತಾಂಬರವಿಲ್ಲ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಇದಕ್ಕೆ ಹುಬ್ಬುಗಂಟಿಕ್ಕುವುದು ಸಹಜ. ಆದರೆ ಉತ್ತರಕಾಂಡದ ಯಜ್ಞಶಾಲೆಯನ್ನು ಸ್ವಲ್ಪ ನೆನೆಯಿರಿ. ಅಲ್ಲಿ ಪತ್ನಿಯ ಸ್ಥಾನದಲ್ಲಿರುವುದು ಚಿನ್ನದ ಪ್ರತಿಮೆ. ಎಂದರೆ ಅವಳ ಅಭಾವವೇ. ಅಭಾವವೇ ಕಥಾವಸ್ತುವಾಗಿರುವಲ್ಲಿ ನಟಿಯೊಬ್ಬಳನ್ನು ತಂದು ನಿಲ್ಲಿಸಿದ್ದರೆ ವ್ಯಂಗ್ಯವು ವಾಚ್ಯವಾಗಿ ಕೆಡುತ್ತಿತ್ತು. ಲೆಕ್ಕದ ಪುಸ್ತಕವನ್ನೇ ಮುಂದಿಟ್ಟುಕೊಂಡ ವರ್ತಕನು ಇದಕ್ಕೆ ಸಮ್ಮತಿಸುತ್ತಿದ್ದನೇ? ನಾಯರವರು ಸಮ್ಮತಿಸಿದರು, ಮುಂದೆಯೂ ಅರವಿಂದನ್ನರ ಕೈಹಿಡಿದು ‘ತಂಬು’, ‘ಕುಮ್ಮಾಟ್ಟಿ’, ‘ಎಸ್ತಪ್ಪಾನ್’, ‘ಪೋಕ್ಕುವೆಯಿಲ್’ ಎಂಬ ನಾಲ್ಕು ಚಿತ್ರಗಳನ್ನು 1981ರೊಳಗೆ ಮಾಡಿಸಿದರು. ಇವಲ್ಲದೆ ಎಂ. ಟಿ. ವಾಸುದೇವನ್ ನಾಯರರಿಂದ ‘ಮಂಜು’, ಅಡೂರು ಗೋಪಾಲಕೃಷ್ಣನ್ನರಿಂದ ನಾಲ್ಕು ಚಿತ್ರಗಳು.

ಇಷ್ಟನ್ನು ಹೊಗಳಿದ ಮೇಲೆ ಒಂದು ಆಕ್ಷೇಪವನ್ನು ಹೇಳದಿರಲಾಗದು. ಕೊಲ್ಲಂನ ಗೋಡಂಬಿ ಕಾರ್ಖಾನೆಗಳಲ್ಲಿ ಬೀಜ ಒಡೆದು ಸಿಪ್ಪೆ ಸುಲಿಯುವವರಲ್ಲಿ ಹೆಂಗಸರೇ ಬಹುಪಾಲು. ಈ ಕಲೆಗೆ ಒದಗಿದ ಧನದ ಮೂಲದಲ್ಲಿ ಅವರ ಬೆರಳುಗಳ ಶ್ರಮವಿದೆ. 1977ರಿಂದ ಈಚಿನ ಹತ್ತು ಚಿತ್ರಗಳಲ್ಲಿ ಸರ್ಕಸ್ಸಿನವರು ಬಂದರು, ಕಡಲತೀರದವರು ಬಂದರು, 1984ರ ‘ಮುಖಾಮುಖಂ’ನಲ್ಲಿ ಹೆಂಚಿನ ಕಾರ್ಖಾನೆಯ ಕಾರ್ಮಿಕ ನಾಯಕನೂ ಬಂದನು, ಗೋಡಂಬಿ ಸುಲಿಯುವವಳು ನಾಯಿಕೆಯಾಗಲಿಲ್ಲ. ನಿರ್ದೇಶಕನ ವಸ್ತುವಿಗೆ ನಿರ್ಮಾಪಕನು ಕೈಹಾಕದಿರುವುದು ಸದ್ಗುಣವೇ ಸರಿ. ಆದರೆ ತಾನು ಮಾತ್ರವೇ ಹತ್ತಿರದಿಂದ ಬಲ್ಲ ಲೋಕವನ್ನು ಕಲಾವಿದನಿಗೆ ತೋರಿಸಿಕೊಡುವುದು ಅಡ್ಡಿಪಡಿಸಿದಂತಾಗುತ್ತಿರಲಿಲ್ಲ.

ಕಡೆಯ ಚಿತ್ರ, 1993ರ ‘ವಿಧೇಯನ್’, ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು. ಪಾಲ್ ಜಕರಿಯಾ ಅವರ ಕಥೆ. ನಡೆಯುವ ಸ್ಥಳ ನಮ್ಮ ದಕ್ಷಿಣ ಕನ್ನಡ. ಮಮ್ಮೂಟ್ಟಿಯವರು ನಟಿಸಿದ ಭಾಸ್ಕರ ಪಟೇಲರು ಅಧಿಕಾರ ಹೋದರೂ ದರ್ಪ ಬಿಡದ ಗ್ರಾಮದೊಡೆಯ. ಕೇರಳದಿಂದ ವಲಸೆ ಬಂದ ತೊಮ್ಮಿ ಅವರ ಒದೆ ತಿಂದು ಅವರನ್ನೇ ಆರಾಧಿಸುವ ಆಳು. ಕನ್ನಡದ ಮಾತು ಇದರಲ್ಲಿ ಧಾರಾಳವಾಗಿ ಕೇಳುತ್ತದೆ, ಅದೂ ಅಪ್ಪಣೆಯ ಭಾಷೆಯಾಗಿ. ನಮ್ಮ ನುಡಿ ನೆರೆಯವರ ಕಿವಿಗೆ ಹೀಗೂ ಕೇಳಿಸಬಹುದೆಂಬುದು ಹಿತವಾದ ವಿಷಯವಲ್ಲ, ಆದರೂ ನೋಡಬೇಕು. ಇದಾದ ಮೇಲೆ ನಾಯರವರು ಮೂವತ್ತು ವರ್ಷ ಬದುಕಿದ್ದರೂ ಮತ್ತೊಂದು ಚಿತ್ರವನ್ನು ನಿರ್ಮಿಸಲಿಲ್ಲ.