ಅಂಕಕ್ಕೆ ಸಿಗದ ರುಚಿ

ಜಿಮ್ ಮರ್ರೆಯವರ ‘ವಿಸ್ಕಿ ಬೈಬಲ್’ ಲೋಕದ ವಿಸ್ಕಿಗಳನ್ನು ಪರೀಕ್ಷೆಗೆ ಕೂರಿಸುವ ಗ್ರಂಥ. ಪರಿಮಳ, ರುಚಿ, ಕೊನೆಗುಳಿಯುವ ಸವಿ, ಸಮತೋಲ—ಒಂದೊಂದಕ್ಕೂ 25 ಅಂಕ. 2010ರ ಆವೃತ್ತಿಯಲ್ಲಿ ಬೆಂಗಳೂರಿನ ‘ಅಮೃತ್ ಫ್ಯೂಷನ್’ 97 ಅಂಕದೊಡನೆ ಮೂರನೆಯ ಸ್ಥಾನ ಪಡೆಯಿತು. 2015ರದರಲ್ಲಿ ಜಪಾನಿನ ಯಮಜಾಕಿ ಮೊದಲನೆಯದಾಯಿತು. ಸ್ಕಾಟ್ಲೆಂಡಿನ ಕುಲಗರ್ವವನ್ನು ಮುರಿದದ್ದು ಈ ಗ್ರಂಥದ ಹಿರಿಮೆಯೇ ಸರಿ.

ಆದರೆ ಉತ್ತರಪತ್ರಿಕೆ ತಿದ್ದುವ ಕಸುಬಿನ ನನಗೆ ಅಂಕದ ಮಿತಿ ಗೊತ್ತು. ಅದು ತಾರತಮ್ಯವನ್ನು ಹೇಳೀತು, ಸ್ವಭಾವವನ್ನು ಹೇಳದು. ಐಲಾ ದ್ವೀಪದ ಲಫ್ರಾಯ್ಗ್‌ನ ಹೊಗೆವಾಸನೆ, ಪೀಟ್ ಎಂಬ ಜೌಗುಮಣ್ಣನ್ನು ಉರಿಸಿ ಮೊಳಕೆಬಾರ್ಲಿಯನ್ನು ಒಣಗಿಸುವುದರಿಂದ ಬಂದದ್ದು. ಬೆಂಗಳೂರಿನ ಹವೆಯಲ್ಲಿ ಪೀಪಾಯಿಯೊಳಗಿನದು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಆವಿಯಾಗಿ, ಬೇಗ ಹದಕ್ಕೆ ಬರುತ್ತದೆ. ಒಂದು ನೆಲದ ಗುಣ, ಇನ್ನೊಂದು ಹವೆಯ ಗುಣ. ಪಂಪ-ಕುಮಾರವ್ಯಾಸರಿಗೆ ಅಂಕ ಹಾಕಿ ಹೆಚ್ಚು ಕಡಿಮೆ ಹೇಳಲಾದೀತೇ? ನಮ್ಮ ಆಲಂಕಾರಿಕರು ರಸಕ್ಕೆ ಸಹೃದಯನನ್ನು ಬಯಸಿದರು, ಪರೀಕ್ಷಕನನ್ನಲ್ಲ.