ಎನ್‌ಎಸ್‌ಎಸ್ ಶಿಬಿರ: ಯಾರ ಸೇವೆ, ಯಾರಿಗೆ?

ಕಾಲೇಜುಗಳಲ್ಲಿ ನಡೆಯುವ ಚಟುವಟಿಕೆಗಳ ಪೈಕಿ ರಾಷ್ಟ್ರೀಯ ಸೇವಾ ಯೋಜನೆಗೆ (ಎನ್‌ಎಸ್‌ಎಸ್) ಸಿಗುವಷ್ಟು ಹೊಗಳಿಕೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಅದರ ವಿಮರ್ಶೆ ಮಾತ್ರ ನಡೆದದ್ದೇ ಕಡಿಮೆ. ಏಳು ದಿನಗಳ ವಾರ್ಷಿಕ ವಿಶೇಷ ಶಿಬಿರದ ಸಮಾರೋಪಕ್ಕೆ ಹೋದರೆ ವೇದಿಕೆಯ ತುಂಬ ಧನ್ಯವಾದಗಳೇ. ಪ್ರಾಂಶುಪಾಲರು ಊರಿನವರನ್ನು ನೆನೆಯುತ್ತಾರೆ, ಊರಿನ ಹಿರಿಯರು ಮಕ್ಕಳನ್ನು ಹರಸುತ್ತಾರೆ, ಹಾರೆ ಗುದ್ದಲಿ ಹಿಡಿದ ಫೋಟೊ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಮಾಡಿದ ಕೆಲಸ ಮುಂದಿನ ಮಳೆಗಾಲದವರೆಗೆ ಉಳಿಯಿತೇ, ಆ ಏಳು ದಿನಗಳಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಎಂದು ಯಾರೂ ಕೇಳುವುದಿಲ್ಲ. ಅರ್ಧ ಶತಮಾನ ದಾಟಿದ ಯೋಜನೆ ಈ ಪ್ರಶ್ನೆಗಳನ್ನು ತಾಳಿಕೊಳ್ಳಬಲ್ಲದು.

ಯೋಜನೆ ಹುಟ್ಟಿದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. 1969ರ ಸೆಪ್ಟೆಂಬರ್ 24ರಂದು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟರು. ಅರ್ಥಶಾಸ್ತ್ರಜ್ಞರಾದ ರಾವ್ ಆಗ ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿಯೂ ಹೌದು. ಅದಕ್ಕೂ ಹತ್ತು ವರ್ಷ ಹಿಂದೆ ಸಿ.ಡಿ. ದೇಶಮುಖ್ ಸಮಿತಿ, ಪ್ರೌಢಶಿಕ್ಷಣ ಮುಗಿಸಿ ಕಾಲೇಜು ಸೇರಲಿರುವ ಎಲ್ಲರಿಗೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆ ಇರಲಿ ಎಂದಿತ್ತು. ಕೊನೆಗೆ ಬಂದದ್ದು ಸ್ವಇಚ್ಛೆಯ ಯೋಜನೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ದತ್ತು ಗ್ರಾಮದಲ್ಲಿ ಏಳು ದಿನದ ಒಂದು ಶಿಬಿರ. ಕಡ್ಡಾಯ ಬೇಡವೆಂದ ನಿರ್ಧಾರ ಸರಿಯಾದದ್ದೇ. ಇಷ್ಟವಿಲ್ಲದವನ ಕೈಗೆ ಕೊಟ್ಟ ಗುದ್ದಲಿಯಿಂದ ಯಾವ ಊರಿಗೂ ಉಪಕಾರವಾಗದು.

ಶಿಬಿರದ ದಿನಚರಿ ಬೀದರಿನಲ್ಲಾದರೂ ಅಷ್ಟೆ, ಪುತ್ತೂರಿನಲ್ಲಾದರೂ ಅಷ್ಟೆ. ಸರಕಾರಿ ಶಾಲೆಯ ಕೊಠಡಿಗಳಲ್ಲಿ ವಾಸ. ಬೆಳಗ್ಗೆ ಧ್ವಜಾರೋಹಣ, ಯೋಜನೆಯ ಗೀತೆ, ಮಧ್ಯಾಹ್ನದವರೆಗೆ ಶ್ರಮದಾನ. ಊಟದ ನಂತರ ಉಪನ್ಯಾಸ, ಅರ್ಧ ಶಿಬಿರಕ್ಕೆ ತೂಕಡಿಕೆ. ಸಂಜೆ ಮನೆ ಮನೆ ಭೇಟಿ, ರಾತ್ರಿ ಊರವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ. ಅಡುಗೆಗೆ, ಸ್ವಚ್ಛತೆಗೆ, ವೇದಿಕೆಗೆ ಒಂದೊಂದು ತಂಡ. ದಿನಕ್ಕೊಂದು ತಂಡಕ್ಕೆ ಸರದಿ.

ಈ ಸರದಿಯೇ ಶಿಬಿರದ ಅತ್ಯುತ್ತಮ ಭಾಗ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಹುಡುಗ ಇಲ್ಲಿ ಐವತ್ತು ಜನರ ಪಾತ್ರೆ ತಿಕ್ಕುತ್ತಾನೆ. ಬೇರೆ ಬೇರೆ ಜಾತಿಯ, ಬೇರೆ ಬೇರೆ ವಿಭಾಗದ ಹುಡುಗರು ಒಂದೇ ಜಮಖಾನೆಯ ಮೇಲೆ ಮಲಗುತ್ತಾರೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಮೂರನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ಹುಡುಗಿ ರಾತ್ರಿಯ ನಿರೂಪಣೆಗೆ ಮೈಕ್ ಹಿಡಿಯುತ್ತಾಳೆ. ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ಬೆಳೆಸುವುದೇ ಯೋಜನೆಯ ಘೋಷಿತ ಗುರಿ. ಆ ಗುರಿಯಿಂದ ಅಳೆದರೆ ಶಿಬಿರ ಗೆದ್ದಿದೆ. ತರಗತಿ ಮೂರು ವರ್ಷದಲ್ಲಿ ಕಲಿಸದ್ದನ್ನು ಅದು ಒಂದು ವಾರದಲ್ಲಿ ಕಲಿಸುತ್ತದೆ.

ಊರಿನ ಕಡೆಯಿಂದ ಅಳೆದರೆ ಫಲಿತಾಂಶ ಬೇರೆ. ದುಡ್ಡಿನ ಲೆಕ್ಕವನ್ನೇ ನೋಡಿ. 2010ರ ದಶಕದಲ್ಲಿ ವಿಶೇಷ ಶಿಬಿರಕ್ಕೆಂದು ಒಬ್ಬ ಸ್ವಯಂಸೇವಕನಿಗೆ ಸಿಗುತ್ತಿದ್ದ ಅನುದಾನ 450 ರೂಪಾಯಿ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 65 ರೂಪಾಯಿಯೂ ಇಲ್ಲ. ಇದರಲ್ಲಿ ಮೂರು ಹೊತ್ತಿನ ಊಟ, ಬಸ್ಸು, ಸಲಕರಣೆ ಎಲ್ಲ ಆಗಬೇಕು. ಆಗುವುದಿಲ್ಲ. ಆಗ ಒಬ್ಬರು ಅಕ್ಕಿ ಮೂಟೆ ಇಳಿಸುತ್ತಾರೆ, ಇನ್ನೊಬ್ಬರು ತೋಟದ ತೆಂಗಿನಕಾಯಿ ಕಳಿಸುತ್ತಾರೆ, ಹಾಲಿನ ಸೊಸೈಟಿಯವರು ಮಜ್ಜಿಗೆ ಕೊಡುತ್ತಾರೆ, ಸ್ವಸಹಾಯ ಸಂಘದ ಹೆಂಗಸರು ಒಂದು ದಿನದ ತಿಂಡಿಯನ್ನು ವಹಿಸಿಕೊಳ್ಳುತ್ತಾರೆ. ಸೇವೆಗೆಂದು ಬಂದವರನ್ನು ಊರೇ ಸಾಕುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಒಪ್ಪಿಕೊಳ್ಳದೆ ಇರುವುದಷ್ಟೇ ತಪ್ಪು. ವರದಿಯಲ್ಲಿ ವಿದ್ಯಾರ್ಥಿಗಳು ದುಡಿದ ಗಂಟೆಗಳಿಗೆ ಕೋಷ್ಟಕವಿದೆ. ಊರು ಕೊಟ್ಟ ಅಕ್ಕಿ, ಜಾಗ, ಸಮಯ ಹೆಚ್ಚೆಂದರೆ ‘ಸಹಕಾರ ನೀಡಿದವರು’ ಎಂಬ ಸಾಲಿನೊಳಗೆ ಮುಗಿದುಹೋಗುತ್ತದೆ.

ಬದಲಿಗೆ ಊರಿಗೆ ಸಿಗುವುದೇನು? ಆಯ್ದುಕೊಂಡ ಕೆಲಸದ ಮೇಲೆ ಅದು ನಿಂತಿದೆ. ಶಾಲೆಯ ಅಂಗಳ ಸಮತಟ್ಟು ಮಾಡುವುದು, ರಸ್ತೆಬದಿಯ ಪೊದೆ ಸವರುವುದು, ಚರಂಡಿ ಬಳಿಯುವುದು ಫೋಟೊಗೆ ಒಪ್ಪುವ ಕೆಲಸಗಳು. ಚರಂಡಿ ಎರಡೇ ವಾರದಲ್ಲಿ ಮತ್ತೆ ಕಟ್ಟುತ್ತದೆ, ಪಂಚಾಯಿತಿ ಮಾಡಬೇಕಾದ ಕೆಲಸ ಪಂಚಾಯಿತಿಯ ತಲೆಯಿಂದ ಇಳಿಯುತ್ತದೆ. ಬೇಸಿಗೆ ರಜೆಯ ಹೊಸ್ತಿಲಲ್ಲಿ ಸಸಿ ನೆಟ್ಟು ಹೊರಟರಂತೂ ನೀರು ಹಾಕುವವರು ಯಾರು ಎಂಬ ಪ್ರಶ್ನೆ ಊರಿನ ಪಾಲಿಗೇ ಉಳಿಯುತ್ತದೆ.

ಇದಕ್ಕೆ ಎದುರಾಗಿ ದಕ್ಷಿಣ ಕನ್ನಡ, ಉಡುಪಿ ಕಡೆಯ ಕಟ್ಟಗಳನ್ನು ಇಡಬೇಕು. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಮರಳು, ಮಣ್ಣು ತುಂಬಿದ ಚೀಲಗಳನ್ನು ಪೇರಿಸಿ ನೀರು ನಿಲ್ಲಿಸುವುದು ಅಲ್ಲಿನ ಕೃಷಿಕರ ಹಳೆಯ ಪದ್ಧತಿ. ಕೂಲಿ ದುಬಾರಿಯಾಗಿ, ಕೊಳವೆಬಾವಿ ಬಂದು ಇದು ಸೊರಗಿತ್ತು. ಹಲವು ಕಡೆ ಎನ್‌ಎಸ್‌ಎಸ್ ಮಕ್ಕಳ ಕೈ ಸೇರಿ ಮತ್ತೆ ಎದ್ದಿದೆ. ಜಾಗ ತೋರಿಸುವವರು, ಚೀಲ ಇಡುವ ಕ್ರಮ ಹೇಳಿಕೊಡುವವರು ಊರಿನ ಕೃಷಿಕರು. ಮೈಮುರಿದು ದುಡಿಯುವವರು ವಿದ್ಯಾರ್ಥಿಗಳು. ಫಲ ಕಾಣುವುದು ಅಕ್ಕಪಕ್ಕದ ಬಾವಿ, ತೋಟಗಳಲ್ಲಿ. ಮುಂದಿನ ಮಳೆಗೆ ಕಟ್ಟ ಹೋಗುತ್ತದೆ, ವರ್ಷವೂ ಮತ್ತೆ ಕಟ್ಟಬೇಕು. ಅದರ ಗುಣವಿರುವುದೂ ಇಲ್ಲೇ. ಕಾಲೇಜನ್ನು ಅದು ಅದೇ ತೋಡಿಗೆ, ಅದೇ ಊರಿಗೆ ಮತ್ತೆ ಕರೆಸುತ್ತದೆ.

ಯೋಜನೆಯ ರಚನೆಯೊಳಗೆ ಮಾತ್ರ ಇಂಥ ಮರಳುವಿಕೆಗೆ ಆಸ್ಪದ ಕಡಿಮೆ. ಸ್ವಯಂಸೇವಕನ ಅವಧಿ ಎರಡು ವರ್ಷ, ಶಿಬಿರ ಒಂದೇ. ಈ ವರ್ಷ ಬಂದವರು ಮುಂದಿನ ವರ್ಷ ಬರುವವರಲ್ಲ. ಯೋಜನಾಧಿಕಾರಿ ಮೂರು ನಾಲ್ಕು ವರ್ಷಕ್ಕೆ ಬದಲಾಗುತ್ತಾರೆ; ತರಗತಿ, ಮೌಲ್ಯಮಾಪನ, ನ್ಯಾಕ್ ಮಾನ್ಯತೆಯ ಕಡತಗಳ ನಡುವೆಯೇ ಅವರು ಇದನ್ನೂ ನಡೆಸುವವರು. ಮನೆ ಮನೆಗೆ ಹೋಗಿ ಮಾಡಿದ ಗ್ರಾಮ ಸಮೀಕ್ಷೆಯ ಗತಿಯನ್ನು ನೋಡಿದರೆ ಇದು ಗೊತ್ತಾಗುತ್ತದೆ. ಶೌಚಾಲಯ ಇಲ್ಲದ ಮನೆ, ಪಿಂಚಣಿ ಸಿಗದ ಅಜ್ಜಿ, ಶಾಲೆ ಬಿಟ್ಟ ಹುಡುಗ ಎಲ್ಲರೂ ಆ ಹಾಳೆಗಳಲ್ಲಿದ್ದಾರೆ. ಹಾಳೆಗಳು ಕಾಲೇಜಿನ ಬೀರುವಿನಲ್ಲಿವೆ. ಮರುವರ್ಷದ ತಂಡ ಅದೇ ಮನೆಯ ಬಾಗಿಲು ತಟ್ಟಿ ಅದೇ ಪ್ರಶ್ನೆ ಕೇಳಿದರೆ ಅಜ್ಜಿ ಸಿಡುಕುವುದರಲ್ಲಿ ತಪ್ಪೇನಿದೆ?

ಯೋಜನೆಯನ್ನು ಕೈಬಿಡಿ ಎನ್ನಲು ಇದು ಕಾರಣವಲ್ಲ. ಉತ್ತರ ಭಾರತದ ಚರಿತ್ರೆಯನ್ನು ಬಾಯಿಪಾಠ ಮಾಡುವ, ಪಕ್ಕದ ತಾಲ್ಲೂಕಿನ ಊರೊಂದರಲ್ಲಿ ಒಂದು ರಾತ್ರಿ ಕಳೆಯದ ಪದವೀಧರರನ್ನು ತಯಾರಿಸುವ ನಮ್ಮ ವ್ಯವಸ್ಥೆಯಲ್ಲಿ ಈ ಏಳು ದಿನ ಅಮೂಲ್ಯ. ಅದನ್ನು ಸೇವೆ ಎಂದು ಮೆರೆಸುವುದಕ್ಕಿಂತ ಕಲಿಕೆ ಎಂದು ಕರೆದರೆ ಎರಡು ಕಡೆಗೂ ನ್ಯಾಯ. ಹಾಗೆ ಕರೆದ ಮೇಲೆ ಬೇಕಾಗುವ ಬದಲಾವಣೆಗಳೂ ದೊಡ್ಡವಲ್ಲ. ಕೆಲಸವನ್ನು ಶಿಬಿರಕ್ಕೆ ಮುಂಚೆ ಗ್ರಾಮಸಭೆಯಲ್ಲಿ ಊರೇ ಆರಿಸಲಿ. ಹಳೆಯ ತಂಡದ ಐದಾರು ಮಂದಿ ಹೊಸ ತಂಡದ ಜೊತೆ ಮತ್ತೆ ಹೋಗಲಿ. ಸಮೀಕ್ಷೆಯ ಒಂದು ಪ್ರತಿ ಪಂಚಾಯಿತಿಗೆ ಸೇರಲಿ, ಅದರಲ್ಲಿನ ಪಿಂಚಣಿ ಅರ್ಜಿಗಳನ್ನು ಬೆನ್ನುಹತ್ತುವುದೂ 120 ಗಂಟೆಯ ಲೆಕ್ಕಕ್ಕೆ ಬರಲಿ. ಸಮಾರೋಪದ ದಿನದ ಭಾಷಣಗಳನ್ನು ಆರು ತಿಂಗಳು ಮುಂದಕ್ಕೆ ಹಾಕಿ, ಅದೇ ಊರಿನಲ್ಲಿ ಕೂತು ಏನು ಉಳಿಯಿತು, ಏನು ಹೋಯಿತು ಎಂದು ಊರವರ ಬಾಯಿಂದಲೇ ಕೇಳಲಿ. ಪ್ರಮಾಣಪತ್ರ ಕೊಡುವುದಾದರೆ ಅಂದೇ ಕೊಡಲಿ.