ಒಂದು ಪದ, ಮೂರು ಬೇರು

ಇಂಗ್ಲಿಷಿನ 'ಬಿ' ಕ್ರಿಯಾಪದ ನನಗೆ ಬಲು ಇಷ್ಟ. ಶಾಲೆಯಲ್ಲಿ 'ಆಮ್, ಈಸ್, ವಾಸ್, ಬೀನ್' ಎಂದು ಬಾಯಿಪಾಠ ಮಾಡುವಾಗ, ಒಂದೇ ಪದದ ರೂಪಗಳು ಒಂದನ್ನೊಂದು ಯಾಕೆ ಹೋಲುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ಅವು ಒಂದೇ ಮನೆಯವಲ್ಲ! 'ಆಮ್', 'ಈಸ್' ಸಂಸ್ಕೃತದ 'ಅಸ್ಮಿ', 'ಅಸ್ತಿ'ಗಳ ದಾಯಾದಿಗಳು. 'ಬಿ', 'ಬೀನ್' ನಮ್ಮ 'ಅನುಭವ'ದೊಳಗಿರುವ 'ಭೂ' ಧಾತುವಿನ ಕಡೆಯವು. 'ವಾಸ್' ಅಂತೂ ನಾವು ದಿನಾ ಆಡುವ 'ವಾಸ'ದ ನೆಂಟ. 'ಇದ್ದ' ಎಂದು ಹೇಳುವ ಆ 'ವಾಸ್' ಒಳಗೆ 'ತಂಗಿದ್ದ' ಎಂಬ ಹಳೆಯ ಅರ್ಥ ಬೆಚ್ಚಗೆ ಕೂತಿದೆ. ನೂರು ಸಲ ಕೇಳಿದ್ದರೂ ನನಗದು ಹೊಳೆದಿರಲಿಲ್ಲ.

ಈ ಕ್ರಿಯಾಪದ ಮಾಡುವ ಕೆಲಸವೂ ನನಗೆ ಸೋಜಿಗವೇ. ಕನ್ನಡದಲ್ಲಿ 'ಅವರು ಮೇಷ್ಟ್ರು' ಎಂದರೆ ಸಾಕು, ಕ್ರಿಯಾಪದವೇ ಬೇಡ. ಇಂಗ್ಲಿಷಿಗೆ ಅಲ್ಲಿ 'ಈಸ್' ಬೇಕೇ ಬೇಕು. 'ಅವರು ಮನೆಯಲ್ಲಿದ್ದಾರೆ' ಎನ್ನಲು ನಾವು 'ಇರು' ತರುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲೂ ದುಡಿಯುವುದು ಅದೇ ಪುಟ್ಟ 'ಈಸ್'.